ತಡವಾಗಿ ಬಂದ ಮಾತ್ರೆ

ಮದುವೆಗೆ ಇನ್ನೂ ಎರಡು ತಿಂಗಳಿತ್ತು. ಮುಟ್ಟು ನಿಂತಿದೆ ಎಂದು ವಿನುತಾ ಫೋನಿನಲ್ಲಿ ಹೇಳಿದ ಮರುದಿನ, ಅವಳನ್ನು ಮದುವೆಯಾಗಲಿದ್ದ ಶ್ರೀಶೈಲ ಹೋಟೆಲಿನ ಫ್ಯಾಮಿಲಿ ರೂಮಿಗೆ ಬಂದು, ಮಾತ್ರೆಯ ಪೊಟ್ಟಣವನ್ನು ಮೇಜಿನ ಮೇಲೆ ಅವಳತ್ತ ತಳ್ಳಿದ.

“ಇದನ್ನ ನುಂಗು. ಎಲ್ಲಾ ತೊಳಕೊಂಡು ಹೋಗ್ತದ. ಮರ್ಯಾದಸ್ಥರ ಮನಿ ಹುಡುಗಿಗೆ ಅಷ್ಟರ ಎಚ್ಚರ ಇರಬೇಕಿತ್ತು.”

ವಿನುತಾ ಪೊಟ್ಟಣ ಮುಟ್ಟಲಿಲ್ಲ. “ಅವತ್ತ ರಾತ್ರಿನ ಕೇಳಿದ್ದೆ, ತಂದುಕೊಡ್ರಿ ಅಂತ. ಔಷಧ ಅಂಗಡ್ಯಾಗ ಯಾರರ ನೋಡ್ತಾರ ಅಂದ್ರಿ.”

“ಈಗ ತಂದೀನಲ್ಲ!”

“ಇದು ಬಸಿರು ತೆಗಿಯೋ ಮಾತ್ರಿ ಅಲ್ರೀ. ಅಂಡಾಣು ಹೊರಗ ಬರೂದನ್ನ ಮುಂದಕ್ಕ ಹಾಕ್ತದ, ಅಷ್ಟ. ಕೂಡಿದ ಮೂರು ದಿನದೊಳಗ, ಎಷ್ಟು ಜಲ್ದಿ ತಗೊಂಡ್ರ ಅಷ್ಟು ಛಲೋ. ಬಸಿರು ನಿಂತ ಮ್ಯಾಲ ಡಬ್ಬಿಗಟ್ಟಲೆ ನುಂಗಿದ್ರೂ ತೊಳಕೊಂಡು ಹೋಗೂದಿಲ್ಲ.”

“ನನಗ ಪಾಠ ಹೇಳಬ್ಯಾಡ.” ಶ್ರೀಶೈಲ ಸುತ್ತ ನೋಡಿ ದನಿ ತಗ್ಗಿಸಿದ. “ನಮ್ಮವ್ವಗ ಗೊತ್ತಾದ್ರ ಈ ಸಂಬಂಧನ ಬ್ಯಾಡ ಅಂತಾಳ. ಆಮ್ಯಾಲ ನನ್ನ ಕಡೆ ಬೊಟ್ಟು ಮಾಡಬ್ಯಾಡ. ಅದು ನಂದ ಅಂತ ಏನು ಗ್ಯಾರಂಟಿ?”

ಚಹಾದಲ್ಲಿ ಬಿದ್ದ ನೊಣವನ್ನು ನೋಡುವಂತೆ ವಿನುತಾ ಅವನನ್ನು ನೋಡಿದಳು. ಆಮೇಲೆ ನಿಶ್ಚಿತಾರ್ಥದ ಉಂಗುರ ಬಿಚ್ಚಿ ಪೊಟ್ಟಣದ ಪಕ್ಕದಲ್ಲಿಟ್ಟು ಎದ್ದಳು.

ಅವನು ಗಾಬರಿಯಾದ. “ಹುಚ್ಚಿ ಏನು ನೀ? ಒಬ್ಬಾಕಿನ ಕೂಸು ಕಟಗೊಂಡು ಏನು ಮಾಡ್ತಿ?”

“ಯಾವ ಕೂಸು? ಫೋನಿನ್ಯಾಗ ಹೇಳಿದ್ದು ನಿಮ್ಮನ್ನ ಪರೀಕ್ಷಾ ಮಾಡಾಕ. ಅವತ್ತಿನ ಮರುದಿನ ಮುಂಜಾನೆನ ನಾನ ಅಂಗಡಿಗೆ ಹೋಗಿ ಮಾತ್ರಿ ತಂದು ನುಂಗೀನಿ, ಮುಟ್ಟೂ ಹೊತ್ತಿಗೆ ಸರಿಯಾಗಿ ಬಂದದ.”