ಕುಂಕುಮ ಹತ್ತಿದ ರಿಯಾಲು

ಕಲಸಿದ ಕುಂಕುಮದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಮಸ್ಕತ್‌ನಲ್ಲಿ ಡ್ರೈವರ್ ಆಗಿದ್ದ ಅಪ್ಪ ಆಸ್ಪತ್ರೆ ಸೇರಿ ಐದು ದಿನವಾಗಿತ್ತು. ಅವತ್ತು ಸಂಜೆಯ ವಿಮಾನಕ್ಕೆ ಅಮ್ಮ ಹೊರಡಬೇಕಿತ್ತು. ಮನೆಯಲ್ಲಿದ್ದ ದುಡ್ಡನ್ನೆಲ್ಲ ಕೊಟ್ಟು ಆರ್.ಟಿ. ನಗರದ ವಿದೇಶಿ ಹಣ ಬದಲಿಸುವ ಅಂಗಡಿಯಲ್ಲಿ ಹಿಂದಿನ ದಿನವೇ ಒಮಾನಿನ ರಿಯಾಲ್ ನೋಟು ತಂದಿದ್ದೆವು. "ಒಂದ್ ಕಲೆ ಇದ್ರೂ ಅಲ್ಲಿ ತಗೊಳಲ್ಲ, ಹುಷಾರು ಮೇಡಂ" ಅಂದಿದ್ದ ಅಂಗಡಿಯವನು.

ಮಧ್ಯಾಹ್ನ ಅಮ್ಮ ದೇವರ ಮನೆಯಲ್ಲಿಟ್ಟಿದ್ದ ಕವರ್ ತೆಗೆದು ನೋಡಿದಳು. ಒಂದೊಂದು ನೋಟಿಗೂ ಅರಿಶಿನ, ಕುಂಕುಮ ಮೆತ್ತಿತ್ತು. "ಲಕ್ಷ್ಮಿ ಕಣಮ್ಮಾ, ಪೂಜೆ ಮಾಡ್ದೆ ಅಂಗೇ ಕಳ್ಸಕಾಯ್ತದಾ?" ಅಂದಳು ಅಪ್ಪನ ತಾಯಿ, ನಮ್ಮಜ್ಜಿ. ನಾನು ಬೈಯಲು ಬಾಯಿ ತೆರೆದೆ. ಅಮ್ಮ ಕಣ್ಣಲ್ಲೇ ತಡೆದಳು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಂಪು ಇನ್ನಷ್ಟು ಹರಡಿತು.

ಇನ್ನೊಂದು ಗಂಟೆಯಲ್ಲಿ ನಾವು ವಿಮಾನ ನಿಲ್ದಾಣದ ದಾರಿಯ ಹೆಬ್ಬಾಳ ದಾಟಿರಬೇಕಿತ್ತು. ಆಟೋ ಹಿಡಿದು ಅದೇ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಅಮ್ಮ ನೋಟುಗಳನ್ನು ಬಾಯಿಂದ ಊದಿ ಒಣಗಿಸುತ್ತಿದ್ದಳು.

ಅಂಗಡಿಯವನು ಒಂದು ನೋಟನ್ನು ಮುಟ್ಟಿ ನೋಡಿ, ಎಲ್ಲವನ್ನೂ ವಾಪಸ್ ತಳ್ಳಿದ. "ನಾನೂ ತಗೊಳಂಗಿಲ್ಲ ಮೇಡಂ."

"ಅಣ್ಣಾ, ನಮ್ಮನೆಯವ್ರು ಅಲ್ಲಿ ಒಬ್ರೇ ಇದಾರೆ ಅಣ್ಣಾ," ಅಂದಳು ಅಮ್ಮ. ಮಾತು ಮುಗಿಸದೆ ಕೌಂಟರಿನ ಗಾಜಿಗೆ ಹಣೆ ಒತ್ತಿಕೊಂಡು ನಿಂತುಬಿಟ್ಟಳು. ಹೊರಡುವಾಗ ಅಜ್ಜಿ ಅವಳ ಹಣೆಗೆ ಇಟ್ಟಿದ್ದ ಕುಂಕುಮ ಗಾಜಿಗೆ ಅಂಟಿತು.

ಅವನು ಬಟ್ಟೆ ತಂದು ಒರೆಸಿದ. ಅದು ಮಾತ್ರ ಒಂದೇ ಸಲಕ್ಕೆ ಹೋಯಿತು.