ಕರಡಿಗೆಯೊಳಗೆ ಜಲ್ಲಿಕಲ್ಲು

"ಪೂಜೆಗೆ ಬಾ ಮಗು" ಎಂದು ಅಜ್ಜ ಕರೆದದ್ದೇ ತಡ, ಲಾಸ್ಯ ದೇವರ ಮನೆಯ ಹೊಸ್ತಿಲಲ್ಲೇ ಕುಸಿದುಬಿದ್ದಳು. ಸುಷ್ಮಾ ಓಡಿಬಂದು ಎಂಟು ವರ್ಷದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಫ್ರಾಕಿನ ಗುಂಡಿ ಬಿಚ್ಚಿದಳು. ಕೊರಳಿನ ಶಿವದಾರದಲ್ಲಿದ್ದ ಬೆಳ್ಳಿ ಕರಡಿಗೆ ಲೊಟಲೊಟ ಸದ್ದು ಮಾಡಿತು. ತೆರೆದು ನೋಡಿದರೆ ಇಷ್ಟಲಿಂಗವಿಲ್ಲ, ಒಂದು ಜಲ್ಲಿಕಲ್ಲು!

"ನಿನ್ನೆ ಸ್ಕೂಲಲ್ಲಿ ಮೈತ್ರೇಯಿಗೆ ತೋರ್ಸಕ್ಕೆ ತೆಗ್ದೆ. ಚರಂಡಿಗೆ ಬಿದ್ದೋಯ್ತು. ಅಜ್ಜಂಗೆ ಹೇಳ್ಬೇಡಮ್ಮ."

ಬೆಳಿಗ್ಗೆ ಹೊಟ್ಟೆನೋವೆಂದು ಪೂಜೆ ತಪ್ಪಿಸಿಕೊಂಡದ್ದು, ದಾಸವಾಳದ ಕುಂಡದಲ್ಲಿ ಹಾಲು ಚೆಲ್ಲಿದ್ದದ್ದು, ಎಲ್ಲವೂ ಸುಷ್ಮಾಗೆ ಒಮ್ಮೆಗೇ ಅರ್ಥವಾಯಿತು. ಈ ಏಪ್ರಿಲ್ ಸೆಕೆಯಲ್ಲಿ ಮಗು ನಿನ್ನೆಯಿಂದ ಗುಟುಕು ನೀರೂ ಕುಡಿದಿಲ್ಲ! ಲೋಟ ತುಟಿಗೆ ಹಿಡಿದರೆ ಲಾಸ್ಯ ಹಲ್ಲು ಕಚ್ಚಿಕೊಂಡಳು. ನೀರು ಕೆನ್ನೆ ಮೇಲೆ ಹರಿಯಿತು.

"ಶಿವಮಲ್ಲಪ್ಪ ಮುತ್ತಜ್ಜ ಕುಡೀಲಿಲ್ವಲ್ಲ."

ಅಜ್ಜ ಏಕಾಂತಯ್ಯನವರು ದಿನಾ ಸಂಜೆ ಹೇಳುತ್ತಿದ್ದದ್ದು ಅದನ್ನೇ. ವಂಶದ ಹಿರಿಯ ಶಿವಮಲ್ಲಪ್ಪ ಕಪಿಲಾ ಹೊಳೆಯಲ್ಲಿ ಲಿಂಗ ಕಳೆದುಕೊಂಡು, ಲಿಂಗವಿಲ್ಲದ ಮೈಗೆ ಅನ್ನನೀರು ಸಲ್ಲದೆಂದು ಅದೇ ಹೊಳೆಯ ದಂಡೆಯಲ್ಲಿ ನೀರು ಮುಟ್ಟದೆ ಪ್ರಾಣ ಬಿಟ್ಟದ್ದು. "ಇದು ಕಥೆಯಲ್ಲ ಮಗು, ನಡೆದದ್ದು" ಎಂದು ಪ್ರತಿ ಸಲವೂ ಸೇರಿಸುತ್ತಿದ್ದರು. ಮೊಮ್ಮಗಳಿಗೆ ಅವರು ಯಾವತ್ತೂ ಸುಳ್ಳು ಹೇಳಿದವರಲ್ಲ. ಗ್ರಹಚಾರವೆಂದರೆ ಅದೇ.

"ಮಾವ, ಕುಡಿ ಅಂತ ನೀವೊಂದ್ಮಾತು ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ." ದೇವರ ಮನೆಯೊಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಮಾವನತ್ತ ಸುಷ್ಮಾ ತಿರುಗಿದಳು.

"ನಾಳೆ ಮಠಕ್ಕೆ ಬುದ್ದಿಯವರು ಬರ್ತಾರೆ. ಬೇರೆ ಲಿಂಗ ಕಟ್ಟಿಸ್ತೀನಿ. ಅಲ್ಲೀ ಗಂಟ..."

"ಅಲ್ಲೀ ಗಂಟ ಇವಳು ಉಳೀಬೇಕಲ್ಲ!"

ಪಕ್ಕದ ಮನೆಯ ಟಿ.ವಿ.ಯಲ್ಲಿ ಭಾನುವಾರದ ಸಿನಿಮಾ ನಡೆದಿತ್ತು. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಂತಾಯಿತು. ಏಕಾಂತಯ್ಯನವರು ಪಕ್ಕದಲ್ಲೇ ಕುಕ್ಕರಿಸಿದರು.

"ಕುಡಿ ಕಂದ. ಏನೂ ಆಗಲ್ಲ."

ಲಾಸ್ಯ ಕಷ್ಟಪಟ್ಟು ಕಣ್ಣು ತೆರೆದಳು. "ನಿಜವಾಗ್ಲೂ ಏನೂ ಆಗಲ್ವಾ?"

"ಇಲ್ಲ ಕಣಮ್ಮ."

"ಹಾಗಾದ್ರೆ ನಿಮ್ಮ ಲಿಂಗ ಬಿಚ್ಚಿಟ್ಟು ನೀವು ಮೊದ್ಲು ಒಂದು ಗುಟುಕು ಕುಡೀರಿ ಅಜ್ಜ. ಆಮೇಲೆ ನಾನು."

ಸುಷ್ಮಾ ಲೋಟವನ್ನು ಮಾವನ ಮುಂದಿಟ್ಟಳು. ಏಕಾಂತಯ್ಯನವರ ಕೈ ಕೊರಳಿಗೆ ಹೋಯಿತು. ಅಂಗೈಯಲ್ಲಿಟ್ಟು ಪೂಜಿಸುವಾಗ ಬಿಟ್ಟರೆ ಎಪ್ಪತ್ತೆರಡು ವರ್ಷ ಮೈಯಿಂದ ಅಗಲದ ಲಿಂಗ. ಬೆರಳುಗಳು ಶಿವದಾರದ ಗಂಟನ್ನು ಮುಟ್ಟಿದವು. ಇನ್ನೇನು ಬಿಚ್ಚುತ್ತಾರೆ ಎಂದುಕೊಂಡಳು ಸುಷ್ಮಾ. ಆದರೆ ಕೈ ಜಾರಿ ಕೆಳಗಿಳಿದು, ಎದೆಯ ಮೇಲಿದ್ದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಆಟೋ ಕರ್ಕೊಂಡ್ ಬರ್ತೀನಿ. ಆಸ್ಪತ್ರೆಗೆ ಹೋಗೋಣ" ಎನ್ನುತ್ತ ಎದ್ದರು. ಯಾರ ಮುಖವನ್ನೂ ನೋಡಲಿಲ್ಲ.

ಲಾಸ್ಯ ಅಮ್ಮನ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನೋಡಿದ್ಯಾ ಅಮ್ಮ, ಅಜ್ಜಂಗೂ ಭಯ."