ಧರ್ಮಶಾಲೆಯಲ್ಲಿ ಸತ್ತವನು

ಶ್ರಾವಣದ ಆ ಸೋಮವಾರ ಬೆಳಗಿನಿಂದಲೇ ಕುಷ್ಟಗಿಯ ಮೇಲೆ ಮೋಡ ಕವುಚಿಕೊಂಡಿತ್ತು. ಮಳೆ ಎನ್ನುವಂತಿಲ್ಲ, ಬಿಸಿಲು ಎನ್ನುವಂತಿಲ್ಲ. ತುಂತುರು ಬೀಳುವುದು, ನಿಲ್ಲುವುದು, ಮತ್ತೆ ಬೀಳುವುದು. ಹೊತ್ತು ಎಷ್ಟಾಯಿತೆಂದು ತಿಳಿಯದೆಯೇ ಸಂಜೆಯಾಯಿತು. ವಾಚನಾಲಯದ ಪಡಸಾಲೆಯಲ್ಲಿ ಗಂಗಾವತಿಯ ಕಾದಂಬರಿಕಾರ ವಿರೂಪಾಕ್ಷಪ್ಪನವರು ತಮ್ಮ ಹೊಸ ಪತ್ತೇದಾರಿ ಕಥೆಯನ್ನು ಓದುತ್ತಿದ್ದರು. ಕಥೆಯಲ್ಲಿ ಧರ್ಮಶಾಲೆಯೊಂದರ ಬಾಗಿಲು ಒಡೆಸಿದರು. ಒಳಗೆ ಅಂಗಾತ ಬಿದ್ದಿದ್ದ ಪರವೂರಿನ ವ್ಯಾಪಾರಿಯ ಹೆಣ ತೋರಿಸಿದರು. ಅವನ ಬಿಗಿಹಿಡಿದ ಮುಷ್ಟಿಯೊಳಗೆ ಏನೋ ಹೊಳೆಯಿತು ಎಂದು ಹೇಳಿ ಹಾಳೆ ಮಡಚಿದರು.

"ಮುಂದಿಂದು ಬರೂ ಸೋಮವಾರರಿ," ಎಂದರು. ಎಲ್ಲಿ ನಿಲ್ಲಿಸಿದರೆ ಜನ ಮತ್ತೆ ಬರುತ್ತಾರೆಂಬುದು ಅವರಿಗೆ ಗೊತ್ತಿತ್ತು. ಕೊಪ್ಪಳ, ಯಲಬುರ್ಗಿಗಳಲ್ಲಿ ಹೀಗೆ ನಿಲ್ಲಿಸಿಯೇ ಹೆಸರಾಗಿದ್ದರು.

ನಾಲ್ಕು ಜನ ಎದ್ದಿದ್ದರು. ಹೆಣ್ಣುಮಕ್ಕಳು ಕುಳಿತ ಕಡೆಯಿಂದ ಬಸವಣ್ಣೆಮ್ಮನ ದನಿ ಬಂತು. "ಕುಂದರ್ರಿ ಎಲ್ಲಾರೂ. ಹೆಣಾ ಬಿಟ್ಟು ಎಲ್ಲಿಗೆ ಹೊಂಟೀರಿ?"

ಬಸವಣ್ಣೆಮ್ಮನ ಮಗ ಕರಿಬಸಪ್ಪ ಮುಂಬಯಿ ಬಂದರದಲ್ಲಿ ಹಮಾಲಿ ಮಾಡುತ್ತಿದ್ದ. ಆ ಬೇಸಿಗೆಯಲ್ಲಿ ಅಲ್ಲಿ ಹಡಗು ಸಿಡಿದಾಗ ಹೋದವರಲ್ಲಿ ಅವನೂ ಒಬ್ಬ. ಸುದ್ದಿ ಬಂತು, ಹೆಣ ಬರಲಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು, ವಿರೂಪಾಕ್ಷಪ್ಪನವರಿಗೆ ಗೊತ್ತಿರಲಿಲ್ಲ.

"ಯವ್ವಾ, ಇದು ಕಥಿ. ಖರೇ ಹೆಣ ಅಲ್ಲ," ಎಂದು ನಕ್ಕರು.

"ಕಥಿ ಅಂತ ಗೊತ್ತೈತ್ರಿ. ಗುಡ್ಯಾಗಿನ ಪುರಾಣನೂ ಕಥೀನ. ಅದರಾಗ ಯಾರರ ಸತ್ರ, ಅವರ ಕ್ರಿಯಾ ಮುಗಿಸಿದ ಮ್ಯಾಲನ ಶಾಸ್ತ್ರಿಗಳು ಪುಸ್ತಕ ಕಟ್ಟತಾರ. ನೀವು ನಡುಮನ್ಯಾಗ ಹೆಣಾ ಹಾಕಿ, ವಾರ ಬಿಟ್ಟು ಬರ್ತೀನಿ ಅಂತೀರಲ್ರಿ!"

"ಇವತ್ತ ಒಪ್ಪತ್ತ ಐತಿ," ಎಂದು ಪಕ್ಕದಲ್ಲಿದ್ದ ಹೊಳಿಯಮ್ಮ ದನಿಗೂಡಿಸಿದಳು. "ಮುಂಜಾನಿಂದ ಬಾಯಾಗ ಹನಿ ನೀರ ಹಾಕಿಲ್ಲ. ಹೆಣಾ ಎತ್ತಲಾರದ ಒಲಿ ಹೆಂಗ ಹಚ್ಚೂದು? ಮನ್ಯಾಗ ಗಂಡ ಬೈತಾನ್ರಿ, ನಿಮ್ಮನ್ನಲ್ಲ, ನನ್ನ."

ಎದ್ದವರು ಮತ್ತೆ ಕುಳಿತರು. ವಿರೂಪಾಕ್ಷಪ್ಪನವರು ಬಾಗಿಲ ಕಡೆ ನೋಡಿದರು. ಅಲ್ಲಿ ತಹಶೀಲಿನ ಜವಾನ ಜಿಲಾನಸಾಬ ಕೋಲು ಹಿಡಿದು ನಿಂತಿದ್ದ. ದೀಪ ಹಚ್ಚುವುದರೊಳಗೆ ಸಭೆ ಮುಗಿಯಬೇಕು ಎಂಬ ಕರಾರಿನ ಮೇಲೆಯೇ ಓದಿಗೆ ತಹಶೀಲಿನ ಅಪ್ಪಣೆ ಸಿಕ್ಕಿತ್ತು.

"ನೀವರ ಹೇಳ್ರಿ ಸಾಹೇಬ್ರ, ಹೊತ್ತಾತಲ್ಲ?" ಎಂದು ವಿರೂಪಾಕ್ಷಪ್ಪನವರು ಅವನನ್ನು ಕೇಳಿದರು.

ಜಿಲಾನಸಾಬ ತಲೆ ಹೊರಗೆ ಹಾಕಿ ಆಕಾಶ ನೋಡಿದ. "ಹುಕುಂ ಹಂಗ ಐತ್ರಿ. ಆದ್ರ ಮಯ್ಯತ್ ಒಳಗಿಟ್ಟು ಬೀಗ ಹಾಕು ಅಂತ ಹುಕುಂನ್ಯಾಗ ಬರದಿಲ್ಲ. ಲಗೂನ ದಫನ್ ಮಾಡಿಬಿಡ್ರಿ. ಮೋಡ ಐತಿ, ಹೊತ್ತು ಯಾರಿಗೆ ಕಾಣತೈತಿ?"

ವಿರೂಪಾಕ್ಷಪ್ಪನವರ ಕಷ್ಟ ಬೇರೆ. ಮುಷ್ಟಿಯಲ್ಲಿದ್ದದ್ದು ಕೊಂದವನ ಅಂಗಿಯ ಬೆಳ್ಳಿ ಗುಂಡಿ. ಮುಂದಿನ ವಾರ ಪತ್ತೇದಾರ ಬಂದು ಅದನ್ನು ಬಿಡಿಸಿಕೊಳ್ಳಬೇಕು. ಹೆಣ ಮಣ್ಣಿಗೆ ಹೋದರೆ ಇಡೀ ಕಾದಂಬರಿಯೇ ಹೋದಂತೆ.

"ಅವಗ ಯಾರೂ ಇಲ್ಲ ಯವ್ವಾ. ನಾ ಹೆಸರು ಸೈತ ಇಟ್ಟಿಲ್ಲ. ಪತ್ತೇದಾರ ಬರೂತನಕ ಮುಟ್ಟಂಗಿಲ್ಲ."

"ಹೆಸರು ಇಡಾಕಿ ಹೆತ್ತಾಕಿ. ಆಕಿ ಎಲ್ಲೋ ಕುಂತು ದಾರಿ ನೋಡಾಕತ್ತಿರತಾಳ," ಎಂದಳು ಬಸವಣ್ಣೆಮ್ಮ. ದನಿ ಏರಿರಲಿಲ್ಲ. "ಕೊಂದಾಂವನ್ನ ಮುಂದಿನ ವಾರ ಹುಡುಕ್ರಿ, ಯಾರು ಬ್ಯಾಡಂತಾರ? ಸತ್ತಾಂವಗ ಇವತ್ತ ಒಂದೀಟು ಜಾಗಾ ಮಾಡಿಕೊಡ್ರಿ."

ಮುಂದೆ ಕುಳಿತಿದ್ದ ಒಬ್ಬರು ಬಾಗಿ, ವಿರೂಪಾಕ್ಷಪ್ಪನವರ ಕಿವಿಯಲ್ಲಿ ಮುಂಬಯಿಯ ಸಂಗತಿ ಹೇಳಿದರು. ಕಾದಂಬರಿಕಾರರು ಹಾಳೆಗಳನ್ನು ಪಕ್ಕಕ್ಕಿಟ್ಟು, ಪುರಾಣ ಹೇಳುವವರಂತೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಾಯಿಂದಲೇ ಹೇಳತೊಡಗಿದರು. ಊರವರು ಧರ್ಮಶಾಲೆಗೆ ಬಂದರು. ಬಿಸಿನೀರು ಕಾಯಿಸಿ ಮೀಯಿಸಿದರು. ಹಣೆಗೆ ವಿಭೂತಿ ಹಚ್ಚಿದರು. ಮುಷ್ಟಿ ಬಿಚ್ಚಲು ಯಾರಿಗೂ ಮನಸ್ಸಾಗಲಿಲ್ಲ, ಹಾಗೆಯೇ ಬಿಟ್ಟರು. ಹೆಗಲು ಕೊಟ್ಟು ಹಳ್ಳದ ದಂಡೆಗೆ ಒಯ್ದು ಕುಣಿಯಲ್ಲಿ ಇಳಿಸಿದರು. ಎಲ್ಲರೂ ಕುಣಿಗೆ ಒಂದೊಂದು ಹಿಡಿ ಮಣ್ಣು ಕೊಟ್ಟರು.

"ಎಲ್ಲಾರೂ ಅಂದ್ರ ಯಾರ್ಯಾರು?" ಬಸವಣ್ಣೆಮ್ಮ ಕೇಳಿದಳು.

ಊರವರ ಹೆಸರುಗಳು ವಿರೂಪಾಕ್ಷಪ್ಪನವರಿಗೇನು ಗೊತ್ತು?

"ನನ್ನ ಹೆಸರು ಹಚ್ಚರಿ, ಜಿಲಾನಸಾಬ ಅಂತ," ಎಂದಿತು ಬಾಗಿಲ ಬಳಿಯ ದನಿ.

"ಈಶಪ್ಪನೂ ಬಂದಿದ್ದ ಅನ್ರಿ."

"ಹೊಳಿಯಮ್ಮನ್ನ ಮರೀಬ್ಯಾಡ್ರಿ ಮತ್ತ."

ಒಬ್ಬೊಬ್ಬರಾಗಿ ತಮ್ಮ ತಮ್ಮ ಹೆಸರು ಹೇಳಿದರು. ವಿರೂಪಾಕ್ಷಪ್ಪನವರು ಪ್ರತಿ ಹೆಸರನ್ನೂ ಕಥೆಯೊಳಗೆ ತೆಗೆದುಕೊಂಡು "ಕೊಟ್ಟನು", "ಕೊಟ್ಟಳು" ಎನ್ನುತ್ತ ಹೋದರು. ಬಸವಣ್ಣೆಮ್ಮ ತನ್ನ ಹೆಸರು ಹೇಳಲಿಲ್ಲ. ಕಡೆಯ ಹೆಸರು ಮುಗಿದಾಗ ಮೊಣಕಾಲಿಗೆ ಕೈ ಊರಿ ಎದ್ದಳು. ಅವಳು ಎದ್ದ ಮೇಲೆ ಎಲ್ಲರೂ ಎದ್ದರು.

"ಇನ್ನ ಮುಂದಿನ ಸೋಮವಾರ ಏನು ಓದ್ತೀರಿ?" ಎಂದು ಈಶಪ್ಪ ಕೇಳಿದ.

"ನನಗೂ ತಿಳೀವಲ್ದು," ಎನ್ನುತ್ತ ವಿರೂಪಾಕ್ಷಪ್ಪನವರು ಹಾಳೆಗಳನ್ನು ಚೀಲಕ್ಕೆ ತುಂಬಿದರು.

ಅವರು ಹೊರಗೆ ಬಂದಾಗ ಓಣಿ ಬರಿದಾಗಿತ್ತು. ಜಿಲಾನಸಾಬ ಬಾಗಿಲಿಗೆ ಬೀಗ ಹಾಕುತ್ತಿದ್ದ, ಅಂಗಳದಲ್ಲಿ ಬಸವಣ್ಣೆಮ್ಮ ಒಬ್ಬಳೇ ಉಳಿದಿದ್ದಳು.

"ಯಪ್ಪಾ ಜಿಲಾನಾ, ಮುಂಬಯಿ ಯಾವ ದಿಕ್ಕಿಗೆ ಬರತೈತೋ?"

ಜಿಲಾನಸಾಬ ಕೋಲಿನಿಂದ ವಾಯವ್ಯದ ಕಡೆ ತೋರಿಸಿದ. ಆಕೆ ಬಾಗಿ, ಅತ್ತ ತಿರುಗಿ, ಮಗನಿಗೆ ಕೊಡುವುದು ಉಳಿದಿದ್ದ ಒಂದು ಹಿಡಿ ಮಣ್ಣನ್ನು ಕೊಟ್ಟಳು.